ಹಳ್ಳಿಗೆ ಬಂದಿದೀರಾ? ಲ್ಯಾಕ್ಸ್‌ಟನ್ ಸುತ್ತಮುತ್ತ ಮನೆ ಮಾಡೋ ಹೊಸಬರಿಗೆ ಮಾರ್ಗದರ್ಶಿ

ಎಲ್ರಿಗೂ ನಮಸ್ಕಾರ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರ್‌ನಲ್ಲಿ ನ್ಯೂಅರ್ಕ್, ಟಕ್ಸ್‌ಫರ್ಡ್, ಓಲರ್ಟನ್ ಈ ಮೂರು ಊರಿನ ನಡುವೆ ಇರೋ ಸಣ್ಣ ಸಣ್ಣ ಹಳ್ಳಿಗಳಿಗೆ ಈಚೆಗೆ ನಮ್ಮ ಕನ್ನಡದವರು ಒಬ್ಬೊಬ್ಬರಾಗಿ ಬರ್ತಾ ಇದಾರೆ, ಒಬ್ರಿಗೆ ಕಿಂಗ್ಸ್ ಮಿಲ್ ಆಸ್ಪತ್ರೆಲಿ ಕೆಲಸ, ಇನ್ನೊಬ್ರಿಗೆ ಲಿಂಕನ್‌ನಲ್ಲಿ, ಕೆಲವರು ಐಟಿಯವರು, ವಾರಕ್ಕೆ ಒಂದೆರಡು ದಿನ ನ್ಯೂಅರ್ಕ್ ಸ್ಟೇಷನ್ನಿಂದ ಲಂಡನ್ ಟ್ರೈನ್ ಹತ್ತೋರು. ಬಂದ ಪ್ರತಿಯೊಂದು ಫ್ಯಾಮಿಲಿಗೂ ಫೋನಲ್ಲಿ ಅದೇ ಮಾತು ಅದೇ ಮಾತು ಹೇಳ್ತಾ ಇದ್ವಿ, ಅದಕ್ಕೇ ಈ ಸಲ ನಮ್ಮ ಸಂಘದಿಂದ ಬರೆದೇ ಇಡೋಣ ಅಂತ ತೀರ್ಮಾನ ಆಯ್ತು.

ಸಿಟಿಗೆ ಬರೋರಿಗೆ ಅಂತ ಬರೆದಿರೋ ಗೈಡ್‌ಗಳು ಬೇಕಾದಷ್ಟಿವೆ, ಆದ್ರೆ ಅವು ನಿಮಗೆ ಅರ್ಧ ಮಾತ್ರ ಉಪಯೋಗಕ್ಕೆ ಬರೋದು. ಇಲ್ಲಿ ಗ್ಯಾಸ್ ಪೈಪ್ ಇಲ್ಲ, ಗಂಟೆಗೊಂದು ಬಸ್ ಇಲ್ಲ, ಮೂಲೆ ಅಂಗಡಿನೂ ಇಲ್ಲ. ಇರೋದು ಜನ. ನಾವು ನೋಡಿರೋ ಹಾಗೆ ಮೊದಲ ಮೂರು ತಿಂಗಳಲ್ಲಿ ಊರಿನ ಜನಕ್ಕೆ ಮುಖ ಪರಿಚಯ ಮಾಡ್ಕೊಂಡ ಫ್ಯಾಮಿಲಿಗಳು ಇಲ್ಲೇ ನೆಲೆ ನಿಂತಿವೆ, ಬಾಗಿಲು ಹಾಕ್ಕೊಂಡು ಕೂತೋರು ಒಂದು ಚಳಿಗಾಲ ಮುಗಿಯೋದ್ರೊಳಗೆ ಗಂಟುಮೂಟೆ ಕಟ್ಟಿ ಲೆಸ್ಟರ್‌ಗೋ ಬರ್ಮಿಂಗ್‌ಹ್ಯಾಮ್‌ಗೋ ಹೋಗಿಬಿಟ್ರು. ಹಾಗಾಗಿ ಕೆಳಗೆ ಬರೆದಿರೋದ್ರಲ್ಲಿ ಫಾರ್ಮು, ಫೀಸು ಎಲ್ಲ ಇದ್ರೂ ನಿಜವಾಗಿ ಹೇಳಬೇಕಿರೋದು ಇದೊಂದೇ, ಹೊರಗೆ ಬನ್ನಿ, ಕಾಣಿಸ್ಕೊಳ್ಳಿ.

ಪ್ಯಾರಿಷ್ ಅಂದ್ರೆ ಬರೀ ಚರ್ಚ್ ಅಲ್ಲ

ಹೊಸಬರು ಮೊದಲು ತಪ್ಪು ತಿಳ್ಕೊಳ್ಳೋದು ಇಲ್ಲೇ. ಪ್ಯಾರಿಷ್ ಅಂದ ತಕ್ಷಣ ಅದು ಕ್ರಿಶ್ಚಿಯನ್ನರ ವಿಷಯ, ನಮಗಲ್ಲ ಅಂತ ಬಿಟ್ಟುಬಿಡ್ತಾರೆ. ಚರ್ಚಿನ ಪ್ಯಾರಿಷ್ ಬೇರೆ, ಆಡಳಿತದ ಪ್ಯಾರಿಷ್ ಬೇರೆ. 1894ರ ಕಾಯ್ದೆಯಿಂದ ಪ್ಯಾರಿಷ್ ಕೌನ್ಸಿಲ್‌ಗಳು ಶುರುವಾದ್ವು, ಅವು ಈ ದೇಶದ ಆಡಳಿತದಲ್ಲಿ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು, ಒಂಥರಾ ನಮ್ಮ ಗ್ರಾಮ ಪಂಚಾಯ್ತಿ ಇದ್ದ ಹಾಗೆ, ಆದ್ರೆ ಅಷ್ಟು ದುಡ್ಡೂ ಇಲ್ಲ ಅಷ್ಟು ಅಧಿಕಾರನೂ ಇಲ್ಲ. ಮೆಂಬರ್‌ಗಳಿಗೆ ಸಂಬಳ ಇಲ್ಲ, ಊರಿನವರೇ ಇರ್ತಾರೆ, ಕ್ಲರ್ಕ್ ಅಂತ ಒಬ್ರು ಪಾರ್ಟ್ ಟೈಮ್ ಇರ್ತಾರೆ. ಬಸ್ ಶೆಲ್ಟರ್, ಮಕ್ಕಳ ಆಟದ ಜಾಗ, ಬೆಂಚು, ಕೆಲವು ಕಡೆ ಸ್ಮಶಾನ, ತರಕಾರಿ ಬೆಳೆಯೋಕೆ ಬಾಡಿಗೆಗೆ ಕೊಡೋ ತುಂಡು ಜಮೀನು ಇವೆಲ್ಲ ಇವರ ಕೈಲಿ. ನಿಮ್ಮ ಕೌನ್ಸಿಲ್ ಟ್ಯಾಕ್ಸ್, ಅಂದ್ರೆ ಮನೆಗೆ ಕಟ್ಟೋ ತೆರಿಗೆ, ಅದರ ಬಿಲ್ ಬಂದಾಗ ಕೆಳಗೆ ಸಣ್ಣ ಮೊತ್ತದ ಒಂದು ಸಾಲು ಇರತ್ತೆ, ಅದೇ ಪ್ಯಾರಿಷ್‌ಗೆ ಹೋಗೋ ದುಡ್ಡು.

ಮೇಲಿನ ಎರಡು ಮೆಟ್ಟಿಲು ಯಾವುದು ಅಂತನೂ ಈಗಲೇ ತಿಳ್ಕೊಳ್ಳಿ, ಇಲ್ಲಾಂದ್ರೆ ಒಂದು ಆಫೀಸಿಂದ ಇನ್ನೊಂದಕ್ಕೆ ಫೋನ್ ಸುತ್ತಿಸ್ತಾನೇ ಇರ್ತೀರ. ಕಸದ ಡಬ್ಬಿ, ಮನೆ ಕಟ್ಟೋ ಪರ್ಮಿಷನ್, ಕೌನ್ಸಿಲ್ ಟ್ಯಾಕ್ಸ್ ವಸೂಲಿ ಇದೆಲ್ಲ ಡಿಸ್ಟ್ರಿಕ್ಟ್ ಕೌನ್ಸಿಲ್, ನಮಗೆ ನ್ಯೂಅರ್ಕ್ ಅಂಡ್ ಶೆರ್‌ವುಡ್. ರಸ್ತೆ ಗುಂಡಿ, ಸ್ಕೂಲ್ ಸೀಟು, ಸ್ಕೂಲ್ ಬಸ್ಸು, ಲೈಬ್ರರಿ ಇದೆಲ್ಲ ನಾಟಿಂಗ್‌ಹ್ಯಾಮ್‌ಶೈರ್ ಕೌಂಟಿ ಕೌನ್ಸಿಲ್. ಯಾವುದು ಯಾರದ್ದು ಅಂತ ತಿಳೀಲಿಲ್ಲ ಅಂದ್ರೆ ಪ್ಯಾರಿಷ್ ಕ್ಲರ್ಕ್‌ಗೆ ಒಂದು ಈಮೇಲ್ ಹಾಕಿ.

ಊರ ಮಧ್ಯೆ ಗಾಜಿನ ಬಾಗಿಲಿನ ಒಂದು ನೋಟಿಸ್ ಬೋರ್ಡ್ ಇರತ್ತೆ, ಅದನ್ನ ವಾರಕ್ಕೊಂದ್ಸಲ ಓದಿ. ಮೀಟಿಂಗ್‌ಗೆ ಕನಿಷ್ಠ ಮೂರು ದಿನ ಮುಂಚೆ ಅಜೆಂಡಾ ಅಂಟಿಸಲೇಬೇಕು ಅಂತ ಕಾನೂನಿದೆ. ಮೀಟಿಂಗ್‌ಗೆ ಯಾರು ಬೇಕಾದ್ರೂ ಹೋಗಿ ಕೂರಬಹುದು, ಸಾಮಾನ್ಯವಾಗಿ ಊರಿನವರು ಮಾತಾಡೋಕೆ ಅಂತನೇ ಸ್ವಲ್ಪ ಹೊತ್ತು ಇಟ್ಟಿರ್ತಾರೆ. ನಮ್ಮಲ್ಲೊಬ್ರು ಅಕ್ಕ ಬಂದ ಎರಡನೇ ತಿಂಗಳಲ್ಲೇ ಹೋಗಿ ಹಿಂದಿನ ಸೀಟಲ್ಲಿ ಸುಮ್ನೆ ಕೂತಿದ್ರು, ಮುಗಿದ ಮೇಲೆ ಇಬ್ರು ಬಂದು ಮಾತಾಡ್ಸಿ ಯಾವ ಮನೆ ಏನು ಎತ್ತ ಅಂತ ವಿಚಾರಿಸಿದ್ರಂತೆ, ಮಾರನೇ ದಿನ ಬಾಗಿಲ ಮುಂದೆ ಒಂದು ಬುಟ್ಟಿ ಬೀನ್ಸು. ಎಲ್ಲರಿಗೂ ಹೀಗೇ ಆಗತ್ತೆ ಅಂತ ಹೇಳ್ತಾ ಇಲ್ಲ, ಆದ್ರೆ ಹೋಗದೇ ಇದ್ರೆ ಖಂಡಿತ ಆಗಲ್ಲ.

ಇನ್ನೊಂದು ಮುಖ್ಯ ವಿಷಯ ವೋಟು. ಭಾರತ ಕಾಮನ್‌ವೆಲ್ತ್ ದೇಶ ಆಗಿರೋದ್ರಿಂದ ಇಂಡಿಯನ್ ಪಾಸ್‌ಪೋರ್ಟ್ ಇಟ್ಕೊಂಡೇ, ಇಲ್ಲಿರೋಕೆ ವೀಸಾ ಇರೋವರೆಗೂ, ನೀವು ಪ್ಯಾರಿಷ್‌ನಿಂದ ಹಿಡಿದು ಪಾರ್ಲಿಮೆಂಟ್‌ವರೆಗೆ ಎಲ್ಲಾ ಎಲೆಕ್ಷನ್‌ಗೂ ವೋಟ್ ಹಾಕಬಹುದು. ತುಂಬಾ ಜನಕ್ಕೆ ಇದು ಗೊತ್ತೇ ಇಲ್ಲ. ಆನ್‌ಲೈನ್‌ನಲ್ಲಿ ರಿಜಿಸ್ಟರ್ ಮಾಡೋಕೆ ಐದು ನಿಮಿಷ, ಬೂತ್‌ಗೆ ಫೋಟೋ ಇರೋ ಐಡಿ ತಗೊಂಡು ಹೋಗ್ಬೇಕು, ಇಂಡಿಯನ್ ಪಾಸ್‌ಪೋರ್ಟ್ ನಡಿಯತ್ತೆ. ಎಲೆಕ್ಷನ್‌ಗೆ ನೀವೇ ನಿಲ್ಲಬೇಕು ಅಂದ್ರೆ ಮಾತ್ರ ಐಎಲ್‌ಆರ್, ಅಂದ್ರೆ ಇಲ್ಲಿ ಕಾಯಂ ಇರೋ ಪರ್ಮಿಷನ್, ಬಂದಿರಬೇಕು.

ಲ್ಯಾಕ್ಸ್‌ಟನ್ ಹೊಲ ಒಂದ್ಸಲ ನೋಡಿ ಬನ್ನಿ

ಇದು ಮಾರ್ಗದರ್ಶಿಗೆ ಬೇಕಾ ಅಂತ ಸಂಘದಲ್ಲಿ ಕೆಲವರು ಕೇಳಿದ್ರು, ಬೇಕು ಅಂತ ನಾನೇ ಹಠ ಮಾಡಿ ಸೇರಿಸಿದೀನಿ. ಯಾಕಂದ್ರೆ ನೀವು ಬಂದಿರೋದು ಎಂಥಾ ಜಾಗಕ್ಕೆ ಅಂತ ತಿಳಿದ್ರೆ ಈ ಊರಿನ ಜನ ಯಾಕೆ ಹೀಗೆ ಅನ್ನೋದೂ ಅರ್ಥ ಆಗತ್ತೆ.

ಲ್ಯಾಕ್ಸ್‌ಟನ್ ಮತ್ತೆ ಪಕ್ಕದ ಮೂರ್‌ಹೌಸ್ ಸೇರಿ ಒಂದು ಪ್ಯಾರಿಷ್. ಇಂಗ್ಲೆಂಡಲ್ಲಿ ನೂರಾರು ವರ್ಷದ ಹಿಂದೆ ಎಲ್ಲ ಕಡೆ ಇದ್ದ ಬಯಲು ಹೊಲದ ಪದ್ಧತಿ, ಅಂದ್ರೆ ಬೇಲಿ ಇಲ್ಲದ ದೊಡ್ಡ ಹೊಲನ ಪಟ್ಟೆ ಪಟ್ಟೆಯಾಗಿ ಹಂಚ್ಕೊಂಡು ಎಲ್ಲರೂ ಒಂದೇ ಕ್ರಮದಲ್ಲಿ ಉಳೋದು, ಬೇರೆ ಕಡೆ ಹೆಚ್ಚುಕಮ್ಮಿ ಅಳಿಸಿ ಹೋದ್ಮೇಲೂ ಇಲ್ಲಿ ಇವತ್ತಿಗೂ ನಡೀತಿದೆ. ವೆಸ್ಟ್ ಫೀಲ್ಡ್, ಸೌತ್ ಫೀಲ್ಡ್, ಮಿಲ್ ಫೀಲ್ಡ್ ಅಂತ ಮೂರು ಹೊಲ. ಒಂದ್ರಲ್ಲಿ ಚಳಿಗಾಲದ ಗೋಧಿ, ಇನ್ನೊಂದ್ರಲ್ಲಿ ವಸಂತದಲ್ಲಿ ಬಿತ್ತೋ ಬೆಳೆ, ಮೂರನೇದು ಬೀಡು ಇಲ್ಲಾ ಹುಲ್ಲು, ಮುಂದಿನ ವರ್ಷ ಸರದಿ ಬದಲು. 1635ರಲ್ಲಿ ಮಾರ್ಕ್ ಪಿಯರ್ಸ್ ಅನ್ನೋರು ಈ ಊರಿನ ಒಂದೊಂದು ಪಟ್ಟೆನೂ ಬಿಡದೆ ಬರೆದ ನಕ್ಷೆ ಆಕ್ಸ್‌ಫರ್ಡ್‌ನ ಬಾಡ್ಲಿಯನ್ ಲೈಬ್ರರಿಲಿದೆ. 1952ರಲ್ಲಿ ಸರ್ಕಾರ ಈ ಜಮೀನು ಕೊಂಡ್ಕೊಂತು, 1981ರಲ್ಲಿ ಕ್ರೌನ್ ಎಸ್ಟೇಟ್‌ಗೆ ಹೋಯ್ತು, 2020ರಲ್ಲಿ ಥೋರ್ಸ್‌ಬಿ ಎಸ್ಟೇಟ್‌ಗೆ ಬಂತು, ಮಾಲೀಕರು ಬದಲಾದ್ರೂ ಪದ್ಧತಿ ಬದಲಾಗಲಿಲ್ಲ.

ನಮಗೆ ಇದು ಹೊಸದಲ್ಲ ನೋಡಿ. ಬೇರೆ ಕಡೆ ಇಂಗ್ಲಿಷ್ ರೈತರ ಮನೆ ಹೊಲದ ಮಧ್ಯೆ ಒಂಟಿಯಾಗಿರತ್ತೆ, ಲ್ಯಾಕ್ಸ್‌ಟನ್‌ನಲ್ಲಿ ನಮ್ಮೂರುಗಳ ಹಾಗೆ ಮನೆಗಳೆಲ್ಲ ಬೀದಿ ಸಾಲಿಗೆ, ಹೊಲ ಊರಾಚೆ. ಪ್ರತಿ ವರ್ಷ ನವೆಂಬರ್ ಕೊನೆಗೆ ಜ್ಯೂರಿ ಅಂತ ಊರಿನ ರೈತರೇ ಗುಂಪಾಗಿ ಗೋಧಿ ಬಿತ್ತಿದ ಹೊಲಕ್ಕೆ ಹೋಗಿ ಯಾರು ಪಕ್ಕದವನ ಪಟ್ಟೆಗೋ ದಾರಿಗೋ ನೇಗಿಲು ಒತ್ತಿದಾರೆ ಅಂತ ನೋಡ್ತಾರೆ. ನಾನು ಒಂದು ವರ್ಷ ದಾರಿ ಅಂಚಲ್ಲಿ ನಿಂತು ನೋಡಿದೆ, ಟ್ರಾಕ್ಟರ್ ಹಿಂದೆ ಟ್ರೈಲರ್, ಅದರಲ್ಲಿ ಜನ, ಮೊಣಕಾಲುವರೆಗೆ ಕೆಸರು, ಒಬ್ರು ಕಣ್ಣಳತೆಲಿ ಗೆರೆ ಹಿಡಿದು ಇಲ್ಲಿ ಅಂದ್ರು, ಇನ್ನೊಬ್ರು ಮರದ ಗೂಟ ನಿಲ್ಸಿ ಸುತ್ತಿಗೆಲಿ ಹೊಡೆದ್ರು. ನಮ್ಮ ಹಾಸನದ ಕಡೆ ಬದು ಒತ್ತೋದು ಅಂತೀವಲ್ಲ ಅದೇ, ಅದಕ್ಕೆ ಅಲ್ಲಿ ಎಷ್ಟು ಮನೆ ಮಾತು ಬಿಟ್ಟಿವೆ, ಎಷ್ಟು ಕೇಸು ಕೋರ್ಟಲ್ಲಿ ಕೊಳೀತಿವೆ, ಇಲ್ಲಿ ಒಂದು ವಾರ ಆದ್ಮೇಲೆ ಊರಿನ ಡವ್‌ಕೋಟ್ ಇನ್ ಪಬ್ಬಿನಲ್ಲಿ ಕೋರ್ಟ್ ಲೀಟ್, ಅಂದ್ರೆ ಊರಿನ ಹಳೇ ಕಾಲದ ಕೋರ್ಟು, ಕೂರತ್ತೆ, ತಪ್ಪು ಮಾಡಿದೋರಿಗೆ ಕೆಲವೇ ಪೌಂಡ್ ದಂಡ, ಕಟ್ಟಿ ಎಲ್ಲರ ಜೊತೆ ಕೂತು ಊಟ ಮಾಡ್ತಾರೆ. ಹೊಲಗಳ ಮಧ್ಯೆ ಉಳದೆ ಬಿಟ್ಟಿರೋ ಹುಲ್ಲಿನ ಪಟ್ಟಿಗೆ ಸೈಕ್ ಅಂತಾರೆ, ಗೋಮಾಳದ ನೆನಪು ಬರತ್ತೆ, ಅಲ್ಲಿನ ಹುಲ್ಲು ಕೊಯ್ಯೋ ಹಕ್ಕನ್ನ ಹರಾಜು ಹಾಕ್ತಾರೆ. ಜೂನ್ ತಿಂಗಳಲ್ಲಿ ಅದರ ತುಂಬಾ ಕಾಡುಹೂವು. ಮಕ್ಕಳನ್ನ ಕರ್ಕೊಂಡು ಹೋಗಿ, ಪಬ್ ಹಿಂದುಗಡೆ ಸಣ್ಣ ವಿಸಿಟರ್ ಸೆಂಟರ್ ಕೂಡ ಇದೆ.

ಮನೆ

ಬಾಡಿಗೆ ಅಡ್ವಾನ್ಸ್ ಐದು ವಾರದ ಬಾಡಿಗೆಗಿಂತ ಜಾಸ್ತಿ ಕೇಳೋ ಹಾಗಿಲ್ಲ, ಕೊಟ್ಟ ದುಡ್ಡನ್ನ 30 ದಿನದೊಳಗೆ ಡೆಪಾಸಿಟ್ ಸ್ಕೀಮಿಗೆ ಹಾಕಿ ನಿಮಗೆ ಕಾಗದ ಕೊಡಬೇಕು. ಮನೆ ನೋಡೋಕೆ ಹೋದಾಗ ಅಡುಗೆಮನೆಗಿಂತ ಮೊದಲು ಮೊಬೈಲ್ ಸಿಗ್ನಲ್ ನೋಡಿ, ಬ್ರಾಡ್‌ಬ್ಯಾಂಡ್ ಸ್ಪೀಡು ಕೇಳಿ. ತುಂಬಾ ಮನೆಗಳಲ್ಲಿ ವೈಫೈ ಕಾಲಿಂಗ್ ಆನ್ ಮಾಡ್ದೆ ಫೋನೇ ಬರಲ್ಲ.

ಇನ್ನು ಹೀಟಿಂಗ್. ಇಲ್ಲಿನ ಹೆಚ್ಚಿನ ಮನೆಗಳಿಗೆ ಗ್ಯಾಸ್ ಲೈನ್ ಇಲ್ಲ, ಹಿತ್ತಲಲ್ಲಿ ಹಸಿರು ಬಣ್ಣದ ದೊಡ್ಡ ಟ್ಯಾಂಕ್ ಇರತ್ತಲ್ಲ ಅದರಲ್ಲಿ ಹೀಟಿಂಗ್ ಆಯಿಲ್. ಅದು ಬೇರೇನಲ್ಲ, ಸೀಮೆಎಣ್ಣೆನೇ. ಮೊದಲ ಸಲ ಲಾರಿ ಬಂದು ತುಂಬಿಸುವಾಗ ಆ ವಾಸನೆಗೆ ನನಗೆ ನಮ್ಮೂರಿನ ರೇಷನ್ ಅಂಗಡಿ ಕ್ಯೂ, ಕೈಲಿ ಕ್ಯಾನು, ಎಲ್ಲ ಕಣ್ಮುಂದೆ ಬಂತು. ಸಾಮಾನ್ಯವಾಗಿ 500 ಲೀಟರ್‌ಗಿಂತ ಕಮ್ಮಿ ಆರ್ಡರ್ ತಗೊಳಲ್ಲ, ಅಂದ್ರೆ ಒಂದೇ ಸಲಕ್ಕೆ ದೊಡ್ಡ ದುಡ್ಡು, ಬಂದ ತಿಂಗಳಿಂದಲೇ ಇದಕ್ಕೆ ಅಂತ ಸ್ವಲ್ಪ ಎತ್ತಿಡಿ. ಟ್ಯಾಂಕ್ ಕಾಲು ಭಾಗಕ್ಕೆ ಬಂದ ತಕ್ಷಣ ಆರ್ಡರ್ ಮಾಡ್ಬೇಕು, ಡಿಸೆಂಬರ್‌ನಲ್ಲಿ ಲಾರಿ ಬರೋಕೆ ಎರಡು ವಾರನೂ ಆಗಬಹುದು.

ನಮ್ಮ ಮೊದಲ ಚಳಿಗಾಲ ನಮಗಿದು ಗೊತ್ತಿರಲಿಲ್ಲ. ಬಾಡಿಗೆ ಏಜೆಂಟ್ ಕೂಡ ಹೇಳಿರಲಿಲ್ಲ. ಜನವರಿಯ ಒಂದು ಭಾನುವಾರ ರಾತ್ರಿ ಬಾಯ್ಲರ್ ನಿಂತೋಯ್ತು, ಟ್ಯಾಂಕ್ ಖಾಲಿ. ಮಗಳಿಗೆ ಆಗ ಎರಡು ವರ್ಷ, ಒಂದೇ ರೂಮಲ್ಲಿ ಎಲ್ಲರೂ ಸ್ವೆಟರ್ ಮೇಲೆ ಸ್ವೆಟರ್ ಹಾಕ್ಕೊಂಡು ಮಲಗಿದ್ವಿ. ಆಯಿಲ್ ಬಂದ ಮೇಲೂ ಬಾಯ್ಲರ್ ಹತ್ತಲಿಲ್ಲ, ಪೂರ್ತಿ ಖಾಲಿ ಆದ್ರೆ ಪೈಪಿನೊಳಗೆ ಗಾಳಿ ಸೇರ್ಕೊಳ್ಳತ್ತೆ, ಇಂಜಿನಿಯರ್ ಬಂದು ಅದನ್ನ ತೆಗೀಬೇಕು. ಆ ಮೂರು ದಿನ ನಮ್ಮನ್ನ ಕಾಪಾಡಿದ್ದು ಎದುರು ಮನೆಯ ಅಜ್ಜಿ, ಎರಡು ಎಲೆಕ್ಟ್ರಿಕ್ ಹೀಟರ್ ತಂದುಕೊಟ್ರು, ಆಮೇಲೆ ಊರಿನವರೆಲ್ಲ ಸೇರಿ ಒಟ್ಟಿಗೆ ಆಯಿಲ್ ಕೊಳ್ಳೋ ಗುಂಪಿಗೆ ನಮ್ಮ ಹೆಸರನ್ನೂ ಸೇರಿಸಿದ್ರು. ಹೀಗೆ ಒಟ್ಟಿಗೆ ಕೊಂಡ್ರೆ ಲೀಟರ್‌ಗೆ ರೇಟ್ ಕಮ್ಮಿ ಬೀಳತ್ತೆ, ನಿಮ್ಮೂರಲ್ಲೂ ಇದ್ಯಾ ಅಂತ ಮೊದಲ ವಾರವೇ ಕೇಳಿ.

ಮೇನ್ ಡ್ರೈನೇಜ್ ಇಲ್ಲದ ಮನೆಗೆ ಸೆಪ್ಟಿಕ್ ಟ್ಯಾಂಕ್. ಒಗ್ಗರಣೆ ಎಣ್ಣೆ, ಕರಿದ ಎಣ್ಣೆ ಸಿಂಕಿಗೆ ಸುರೀಲೇಬೇಡಿ, ವೈಪ್ಸ್ ಕಮೋಡಿಗೆ ಹಾಕಬೇಡಿ, ಕಟ್ಟಿಕೊಂಡ್ರೆ ಖರ್ಚು ನೂರಾರು ಪೌಂಡ್. ಟ್ಯಾಂಕ್ ಖಾಲಿ ಮಾಡ್ಸೋದು ಓನರ್ ಜವಾಬ್ದಾರಿನಾ ನಿಮ್ದಾ ಅಂತ ಅಗ್ರಿಮೆಂಟಲ್ಲಿ ನೋಡಿ. ಒಣಮೆಣಸಿನಕಾಯಿ ಒಗ್ಗರಣೆಗೆ ಸ್ಮೋಕ್ ಅಲಾರಂ ಹೊಡ್ಕೊಳ್ಳತ್ತೆ, ಎಕ್ಸ್‌ಟ್ರಾಕ್ಟರ್ ಹಾಕಿ ಕಿಟಕಿ ತೆಗೀರಿ, ಅಲಾರಂ ಬ್ಯಾಟರಿ ಮಾತ್ರ ತೆಗೀಬೇಡಿ. ಗೋಡೆ ಮೇಲೆ ಕಪ್ಪು ಬೂಷ್ಟು ಬರೋದೂ ಈ ಆವಿಯಿಂದಲೇ, ಜೊತೆಗೆ ಬಟ್ಟೆ ಒಳಗೆ ಒಣಗ್ಹಾಕೋದ್ರಿಂದ. ಕರೆಂಟ್ ಹೋದ್ರೆ 105ಕ್ಕೆ ಫೋನ್ ಮಾಡಿ.

ಗಾಡಿ ಓಡಿಸೋದು

ಇಂಡಿಯನ್ ಲೈಸೆನ್ಸಲ್ಲಿ ಇಲ್ಲಿ 12 ತಿಂಗಳು ಓಡಿಸಬಹುದು, ಆಮೇಲೆ ಆಗಲ್ಲ, ನೇರವಾಗಿ ಬದಲಾಯಿಸ್ಕೊಳ್ಳೋಕೂ ಆಗಲ್ಲ, ಥಿಯರಿ ಪ್ರಾಕ್ಟಿಕಲ್ ಎರಡೂ ಪಾಸ್ ಮಾಡ್ಬೇಕು. ಟೆಸ್ಟ್ ಡೇಟ್ ಸಿಗೋಕೆ ತಿಂಗಳುಗಟ್ಟಲೆ ಕಾಯಬೇಕಾಗತ್ತೆ, ಹಾಗಾಗಿ ಬಂದ ತಕ್ಷಣ ಗಂಡ ಹೆಂಡತಿ ಇಬ್ಬರೂ, ಒಬ್ರಲ್ಲ, ಇಬ್ಬರೂ ಪ್ರಾವಿಷನಲ್ ಲೈಸೆನ್ಸ್‌ಗೆ, ಅಂದ್ರೆ ನಮ್ಮ ಎಲ್‌ಎಲ್ ಇದ್ದ ಹಾಗೆ ಕಲಿಯೋರ ಲೈಸೆನ್ಸ್‌ಗೆ, ಅರ್ಜಿ ಹಾಕಿ.

ಊರೊಳಗೆ 30, ಬಿಳಿ ವೃತ್ತಕ್ಕೆ ಕಪ್ಪು ಅಡ್ಡಗೆರೆ ಬೋರ್ಡ್ ಬಂತು ಅಂದ್ರೆ ಸಾಮಾನ್ಯ ರಸ್ತೇಲಿ 60 ಮೈಲಿ ಅಂತ ಅರ್ಥ, ಆದ್ರೆ ಅದು ಗರಿಷ್ಠ ಮಿತಿ ಅಷ್ಟೇ, ಈ ತಿರುವುಗಳಲ್ಲಿ ಅಷ್ಟು ಸ್ಪೀಡಲ್ಲಿ ಹೋಗಬೇಡಿ. ಒಂದೇ ಗಾಡಿ ಹಿಡಿಯೋ ರಸ್ತೆಗಳಲ್ಲಿ ಅಲ್ಲಲ್ಲಿ ಪಾಸಿಂಗ್ ಪ್ಲೇಸ್ ಇರತ್ತೆ, ಎಡಗಡೆ ಇದ್ರೆ ಒಳಗೆ ಸರಿದು ನಿಲ್ಲಿ, ಬಲಗಡೆ ಇದ್ರೆ ಅದರ ಎದುರಿಗೇ ನಿಂತು ಅವರಿಗೆ ಜಾಗ ಬಿಡಿ, ಅಲ್ಲಿ ಪಾರ್ಕಿಂಗ್ ಮಾಡ್ಲೇಬೇಡಿ. ದಾರಿ ಬಿಟ್ಟೋರಿಗೆ ಕೈ ಎತ್ತೋದು ಮರೀಬೇಡಿ, ಊರವರು ಅದನ್ನ ಗಮನಿಸ್ತಾರೆ. ಕುದುರೆ ಬಂದ್ರೆ 10 ಮೈಲಿ ಸ್ಪೀಡಿಗಿಂತ ಜಾಸ್ತಿ ಬೇಡ, ಎರಡು ಮೀಟರ್ ದೂರ, ಹಾರ್ನ್ ಮುಟ್ಟಬೇಡಿ. ಟ್ರಾಕ್ಟರ್ ಹಿಂದೆ ಸಿಕ್ಕಾಕ್ಕೊಂಡ್ರೆ ತಾಳ್ಮೆ. ಸಣ್ಣ ರಸ್ತೆಗಳಿಗೆ ಚಳಿಗಾಲದಲ್ಲಿ ಐಸ್ ಕಟ್ಟದ ಹಾಗೆ ಉಪ್ಪು ಹಾಕಲ್ಲ, ಬೆಳಗ್ಗೆ ರಸ್ತೆ ಬರೀ ಒದ್ದೆ ಅನ್ನೋ ಹಾಗೆ ಕಂಡ್ರೂ ಅದು ಮಂಜುಗಡ್ಡೆ ಆಗಿರಬಹುದು. 12 ವರ್ಷ ಅಥವಾ 135 ಸೆಂಟಿಮೀಟರ್ ಆಗೋವರೆಗೂ ಮಕ್ಕಳಿಗೆ ಕಾರ್ ಸೀಟ್ ಕಡ್ಡಾಯ.

ಗಾಡಿ ಇಲ್ಲದೋರಿಗೆ ಕೌಂಟಿಯವರ ನಾಟ್ಸ್‌ಬಸ್ ಆನ್ ಡಿಮಾಂಡ್ ಅಂತ ಆಪ್‌ನಲ್ಲಿ ಬುಕ್ ಮಾಡೋ ಮಿನಿಬಸ್ ಇದೆ, ನಿಮ್ಮ ಹಳ್ಳಿ ಅದರ ಏರಿಯಾದಲ್ಲಿ ಬರತ್ತಾ ಅಂತ ಮನೆ ಒಪ್ಕೊಳ್ಳೋ ಮುಂಚೆ ನೋಡ್ಕೊಳ್ಳಿ.

ಡಾಕ್ಟರ್, ಆಸ್ಪತ್ರೆ

ಬಂದ ವಾರದಲ್ಲೇ ಹತ್ತಿರದ ಜಿಪಿ ಸರ್ಜರಿಲಿ, ಅಂದ್ರೆ ಮಾಮೂಲಿ ಡಾಕ್ಟರ ಕ್ಲಿನಿಕ್‌ನಲ್ಲಿ, ಎಲ್ಲರ ಹೆಸರೂ ಬರೆಸಿ, ಹುಷಾರು ತಪ್ಪಿದ ಮೇಲೆ ಅಂತ ಕಾಯಬೇಡಿ. ಇದಕ್ಕೆ ದುಡ್ಡು ಕೊಡ್ಬೇಕಾಗಿಲ್ಲ. ಮಕ್ಕಳ ಲಸಿಕೆ ಪುಸ್ತಕ ಊರಿಂದ ತಂದಿರ್ಬೇಕು. ಮೆಡಿಕಲ್ ಶಾಪಿಂದ ಒಂದು ಮೈಲಿಗಿಂತ ದೂರದ ಹಳ್ಳಿಯವರಿಗೆ ಕೆಲವು ಸರ್ಜರಿಗಳು ಅಲ್ಲೇ ಮಾತ್ರೆನೂ ಕೊಡ್ತಾವೆ, ನಿಮಗೆ ಆ ಸೌಲಭ್ಯ ಇದ್ಯಾ ಕೇಳಿ. 16 ವರ್ಷದೊಳಗಿನ ಮಕ್ಕಳಿಗೆ, ಬಸುರಿಯರಿಗೆ, 60 ದಾಟಿದೋರಿಗೆ ಔಷಧಿ ಫ್ರೀ.

ಇದನ್ನ ದಯವಿಟ್ಟು ನೆನಪಿಟ್ಕೊಳ್ಳಿ: ನ್ಯೂಅರ್ಕ್ ಆಸ್ಪತ್ರೆಲಿ ಪೂರ್ತಿ ಎಮರ್ಜೆನ್ಸಿ ವಿಭಾಗ ಇಲ್ಲ, ಅರ್ಜೆಂಟ್ ಟ್ರೀಟ್‌ಮೆಂಟ್ ಸೆಂಟರ್ ಮಾತ್ರ, ಅದೂ ರಾತ್ರಿ ಮುಚ್ಚತ್ತೆ. ಎದೆನೋವು, ಉಸಿರಾಟದ ತೊಂದರೆ, ಮಗುಗೆ ಫಿಟ್ಸ್ ಅಂದ್ರೆ ಗಾಡಿ ಹತ್ತಿ ಅಲ್ಲಿಗೆ ಓಡ್ಬೇಡಿ, 999 ಒತ್ತಿ. ಕಿಂಗ್ಸ್ ಮಿಲ್‌ನಲ್ಲಿ, ಲಿಂಕನ್‌ನಲ್ಲಿ, ವರ್ಕ್‌ಸಪ್‌ನ ಬ್ಯಾಸೆಟ್‌ಲಾದಲ್ಲಿ ಎಮರ್ಜೆನ್ಸಿ ಇದೆ. ಅಷ್ಟು ಅರ್ಜೆಂಟ್ ಅಲ್ಲ ಆದ್ರೆ ಏನು ಮಾಡೋದು ತಿಳೀತಿಲ್ಲ ಅಂದ್ರೆ 111. ನಿಮ್ಮೂರಿನ ಕೆಂಪು ಟೆಲಿಫೋನ್ ಡಬ್ಬಿ ಇದ್ಯಲ್ಲ, ಫೋಟೋ ತೆಗೆಸ್ಕೊಳ್ಳೋ ಡಬ್ಬಿ, ಅದನ್ನ ಎಷ್ಟೋ ಹಳ್ಳಿಯವರು ಬಿಟಿ ಕಂಪನಿಯಿಂದ ಒಂದೇ ಒಂದು ಪೌಂಡಿಗೆ ಕೊಂಡು ಒಳಗೆ ಡಿಫಿಬ್ರಿಲೇಟರ್ ಇಟ್ಟಿದಾರೆ, ನಿಂತ ಹೃದಯಕ್ಕೆ ಶಾಕ್ ಕೊಡೋ ಮಷೀನು. ಬೀಗ ಇದ್ರೆ 999ನವರು ಕೋಡ್ ಹೇಳ್ತಾರೆ. ಆಂಬುಲೆನ್ಸ್ ಬರೋಕೆ ಹೊತ್ತಾಗೋ ಜಾಗ ಇದು, ಹಾಗಾಗಿ ಅದು ಎಲ್ಲಿದೆ ಅಂತ ಇವತ್ತೇ ನಡ್ಕೊಂಡು ಹೋಗಿ ನೋಡಿ.

ವಿಟಮಿನ್ ಡಿ ಮಾತ್ರೆ ತಪ್ಪಿಸಬೇಡಿ, ಡಿಸೆಂಬರ್‌ನಲ್ಲಿ ಮಧ್ಯಾಹ್ನ ನಾಲ್ಕಕ್ಕೆ ಮುಂಚೆ ಸೂರ್ಯ ಮುಳುಗ್ತಾನೆ, ನಮ್ಮ ಬಣ್ಣದ ಚರ್ಮದವರು ವರ್ಷಪೂರ್ತಿ ದಿನಕ್ಕೆ 10 ಮೈಕ್ರೋಗ್ರಾಂ ತಗೊಳ್ಳೋದನ್ನ ಯೋಚಿಸಿ ಅಂತ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಹೇಳತ್ತೆ.

ಸ್ಕೂಲು

ಮಧ್ಯ ವರ್ಷದಲ್ಲಿ ಬಂದ್ರೆ ಸೀಟಿಗೆ ಕೌಂಟಿ ವೆಬ್‌ಸೈಟ್ ನೋಡಿ, ಅಲ್ಲೇ ದಾರಿ ಹೇಳಿರತ್ತೆ. ಸೆಪ್ಟೆಂಬರ್‌ಗೆ ರಿಸೆಪ್ಷನ್, ಅಂದ್ರೆ ಪ್ರೈಮರಿಯ ಮೊದಲ ಕ್ಲಾಸು, ಸೇರ್ಸೋದಾದ್ರೆ ಜನವರಿ 15 ಕೊನೇ ದಿನ, ಸೆಕೆಂಡರಿಗೆ ಹಿಂದಿನ ವರ್ಷದ ಅಕ್ಟೋಬರ್ 31. ಹತ್ತಿರದ ತಕ್ಕ ಸ್ಕೂಲು 8 ವರ್ಷದೊಳಗಿನ ಮಗುಗೆ 2 ಮೈಲಿಗಿಂತ, ದೊಡ್ಡೋರಿಗೆ 3 ಮೈಲಿಗಿಂತ ದೂರ ಇದ್ರೆ ಬಸ್ಸೋ ಟ್ಯಾಕ್ಸಿಯೋ ಕೌಂಟಿಯವರೇ ಫ್ರೀಯಾಗಿ ಕೊಡ್ಬೇಕು. ಆದ್ರೆ ನೀವು ಬೇಕು ಅಂತ ದೂರದ ಸ್ಕೂಲ್ ಆರಿಸ್ಕೊಂಡ್ರೆ ಸಿಗಲ್ಲ.

ಹಳ್ಳಿ ಪ್ರೈಮರಿಗಳು ಹೆಚ್ಚಾಗಿ ಚರ್ಚ್ ಆಫ್ ಇಂಗ್ಲೆಂಡ್‌ದು, ಹಾಗಂತ ಹೆದರಬೇಡಿ, ಬೇರೆ ಧರ್ಮದ ಮಕ್ಕಳೂ ಓದ್ತಾರೆ, ಪ್ರಾರ್ಥನೆ ಬೇಡ ಅಂದ್ರೆ ಹೊರಗಿಡಿ ಅಂತ ಬರೆದುಕೊಡೋ ಹಕ್ಕು ತಂದೆತಾಯಿಗಿದೆ. ನಮ್ಮಲ್ಲಿ ಹೆಚ್ಚಿನವರು ಬರೆದುಕೊಟ್ಟಿಲ್ಲ. ದೀಪಾವಳಿಗೆ ಕ್ಲಾಸಿಗೆ ಬಂದು ಹೇಳ್ತೀರಾ ಅಂತ ಟೀಚರ್ ಕೇಳಿದ್ರೆ ಇಲ್ಲ ಅನ್ನಬೇಡಿ, ಒಂದು ಹಣತೆ, ಸ್ವಲ್ಪ ರಂಗೋಲಿ ಪುಡಿ ತಗೊಂಡು ಹೋಗಿ, ಆ ದಿನ ನಿಮ್ಮ ಮಗು ಕ್ಲಾಸಲ್ಲಿ ಎಷ್ಟು ಎತ್ತರಕ್ಕೆ ನಿಲ್ಲತ್ತೆ ಅಂತ ನೀವೇ ನೋಡ್ತೀರ.

ಮನೇಲಿ ಒಬ್ಬರೇ ಇರೋರಿಗೆ

ಇದನ್ನ ಬರೀವಾಗ ಮನಸ್ಸು ಭಾರ ಆಗತ್ತೆ. ಕೆಲಸಕ್ಕೆ ಹೋಗೋರಿಗೆ ಹೇಗೋ ನಡಿಯತ್ತೆ, ಜೊತೆಗೆ ಬಂದೋರು, ನಮ್ಮಲ್ಲಿ ಹೆಚ್ಚಾಗಿ ಹೆಣ್ಮಕ್ಕಳು, ಬೆಂಗಳೂರಲ್ಲಿ ಕೆಲಸ ಬಿಟ್ಟು ಬಂದೋರು, ಇಲ್ಲಿ ನೈಟ್ ಶಿಫ್ಟ್ ಮುಗಿಸಿ ಮಲಗಿರೋ ಗಂಡ, ಸಣ್ಣ ಮಗು, ಹೊರಗೆ ಮಂಜು, ದಿನಗಟ್ಟಲೆ ಮನುಷ್ಯರ ಮುಖ ಕಾಣದೆ ಕೂತಿರ್ತಾರೆ. ಒಬ್ಬ ತಂಗಿ ಫೋನ್ ಮಾಡಿ, ಅಕ್ಕಾ ಇವತ್ತು ಪೋಸ್ಟ್‌ಮ್ಯಾನ್ ಬಂದಾಗ ಸುಮ್‌ಸುಮ್ನೆ ಬಾಗಿಲು ತೆಗೆದು ಮಾತಾಡಿಸ್ದೆ ಅಂತ ಅತ್ತುಬಿಟ್ಟಳು. ಅವಳೊಬ್ಬಳೇ ಅಲ್ಲ.

ಹಳ್ಳಿ ಹಾಲ್‌ನಲ್ಲಿ ವಾರಕ್ಕೊಂದು ದಿನ ಕಾಫಿ ಮಾರ್ನಿಂಗ್, ಇಲ್ಲಾ ಸಣ್ಣ ಮಕ್ಕಳ ಟಾಡ್ಲರ್ ಗ್ರೂಪ್ ನಡಿಯತ್ತೆ, ಚರ್ಚಿನವರು ನಡೆಸಿದ್ರೂ ಅಲ್ಲಿ ಯಾರೂ ಧರ್ಮ ಕೇಳಲ್ಲ. ಮೊದಲ ಸಲ ಹೋಗೋಕೆ ಸಂಕೋಚ ಆದ್ರೆ ನಮಗೆ ಹೇಳಿ, ಸಂಘದಿಂದ ಒಬ್ರು ಜೊತೆಗೆ ಬರ್ತೀವಿ, ನಿಜವಾಗ್ಲೂ ಬರ್ತೀವಿ. ನಡಿಯೋ ಅಭ್ಯಾಸ ಮಾಡ್ಕೊಳ್ಳಿ. ಹಳದಿ ಬಾಣದ ಗುರುತಿರೋ ಫುಟ್‌ಪಾತ್‌ಗಳು ರೈತರ ಹೊಲದ ಮಧ್ಯೆನೇ ಹೋದ್ರೂ ಅಲ್ಲಿ ನಡಿಯೋದು ನಿಮ್ಮ ಹಕ್ಕು, ಗೇಟ್ ಹೇಗಿತ್ತೋ ಹಾಗೇ ಬಿಟ್ಟು ಬನ್ನಿ, ಕರು ಜೊತೆ ಇರೋ ಹಸು ಹತ್ತಿರ ಹೋಗ್ಬೇಡಿ. ಹೊಲದಲ್ಲಿ ಢಂ ಢಂ ಅಂತ ಗುಂಡಿನ ಸದ್ದು ಬಂದ್ರೆ ಗಾಬರಿ ಬೇಡ, ಹಕ್ಕಿ ಓಡಿಸೋ ಗ್ಯಾಸ್ ಮಷೀನು, ಅಕ್ಟೋಬರ್‌ನಿಂದ ಫೆಬ್ರವರಿ 1ರವರೆಗೆ ಆದ್ರೆ ಫೆಸೆಂಟ್ ಅನ್ನೋ ಹಕ್ಕಿ ಬೇಟೆ ಇರಬಹುದು. ಮನಸ್ಸು ತೀರಾ ಕುಗ್ಗಿದ್ರೆ ಜಿಪಿ ಹತ್ರ ಹೇಳ್ಕೊಳ್ಳಿ, ಅದು ವೀಸಾಗೆ ತೊಂದ್ರೆ ಆಗೋ ವಿಷಯ ಅಲ್ಲ.

ಊಟ ತಿಂಡಿ

ಓಲರ್ಟನ್, ನ್ಯೂಅರ್ಕ್‌ನ ಸೂಪರ್ ಮಾರ್ಕೆಟ್‌ನಲ್ಲಿ ಬೇಳೆ, ಅಕ್ಕಿ, ಮಸಾಲೆ ಸಿಗತ್ತೆ. ರಾಗಿಹಿಟ್ಟು, ಸೋನಾ ಮಸೂರಿ, ಕರಿಬೇವು ಬೇಕಂದ್ರೆ ನಾಟಿಂಗ್‌ಹ್ಯಾಮ್ ಇಲ್ಲಾ ಲೆಸ್ಟರ್‌ನ ಬೆಲ್‌ಗ್ರೇವ್ ರೋಡು, ತಿಂಗಳಿಗೊಂದ್ಸಲ ಎರಡು ಮೂರು ಮನೆಯವರು ಸೇರಿ ಹೋಗೋದು ಒಳ್ಳೇದು. ಊರಿಂದ ಬರುವಾಗ ಕರಿಬೇವು, ತುಪ್ಪ, ಹಾಲಿನ ಸಿಹಿ ತರಬೇಡಿ, ಏರ್‌ಪೋರ್ಟಲ್ಲಿ ಕಿತ್ಕೊಳ್ತಾರೆ.

ನಮ್ಮ ಕಡೆಯ ಅತಿ ದೊಡ್ಡ ಉಡುಗೊರೆ ಅಂದ್ರೆ ಬ್ರಾಮ್ಲಿ ಸೇಬು. 1809ರಲ್ಲಿ ಇಲ್ಲೇ ಪಕ್ಕದ ಸೌತ್‌ವೆಲ್‌ನಲ್ಲಿ ಮೇರಿ ಆನ್ ಬ್ರೇಲ್ಸ್‌ಫರ್ಡ್ ಅನ್ನೋ ಹುಡುಗಿ ನೆಟ್ಟ ಬೀಜದಿಂದ ಹುಟ್ಟಿದ ತಳಿ ಅದು. ಹಾಗೇ ತಿನ್ನೋಕಾಗಲ್ಲ, ಅಷ್ಟು ಹುಳಿ, ಅದಕ್ಕೇ ನಮಗೆ ಚಿನ್ನ. ಸಿಪ್ಪೆ ಸಮೇತ ತುರಿದ್ರೆ ಥೇಟ್ ಮಾವಿನಕಾಯಿ ಚಿತ್ರಾನ್ನ, ಸಾಸಿವೆ ಮೆಂತ್ಯ ಹುರಿದು ಪುಡಿ ಮಾಡಿ ಸೇಬಿನ ಹೋಳುಗಳಿಗೆ ಕಲಸಿದ್ರೆ ದಿಢೀರ್ ಉಪ್ಪಿನಕಾಯಿ, ಬೇಯಿಸಿದ್ರೆ ಮಾತ್ರ ಕ್ಷಣದಲ್ಲಿ ಕರಗಿಹೋಗತ್ತೆ ಹಾಗಾಗಿ ಗೊಜ್ಜಿಗೆ ಕೊನೇಲಿ ಹಾಕಿ. ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಜನ ಗೇಟ್ ಮುಂದೆ ಬುಟ್ಟಿ ತುಂಬ ಇಟ್ಟು ತಗೊಳ್ಳಿ ಅಂತ ಬರೆದಿರ್ತಾರೆ, ಸಂಕೋಚ ಇಲ್ಲದೆ ತಗೊಳ್ಳಿ, ಆಮೇಲೆ ಒಂದು ಬಾಟಲ್ ಉಪ್ಪಿನಕಾಯಿ ಖಾರ ಕಮ್ಮಿ ಮಾಡಿ ಅವರಿಗೇ ಕೊಟ್ಟು ಬನ್ನಿ. ಊರಿನ ಫ್ಲವರ್ ಶೋಗಳಲ್ಲಿ ಚಟ್ನಿಗೆ ಅಂತನೇ ಸ್ಪರ್ಧೆ ಇರತ್ತೆ, ನಮ್ಮ ಬಳಗದ ಒಬ್ಬ ಅಮ್ಮ ಮಗನ ಮನೆಗೆ ಅಂತ ಬಂದಿದ್ದೋರು, ಇಂಗ್ಲಿಷ್ ಬರಲ್ಲ, ಬ್ರಾಮ್ಲಿ ಗೊಜ್ಜು ಇಟ್ಟು ಎರಡನೇ ಬಹುಮಾನ ತಗೊಂಡ್ರು. ಆ ಕಾರ್ಡು ಈಗ ಅರಸೀಕೆರೆಯಲ್ಲಿ ದೇವರ ಮನೆ ಪಕ್ಕ ಇದೆ.

ರುಬಾರ್ಬ್ ದಂಟು ಹುಣಸೆ ಬದಲು ಸಾರಿಗೆ ಆಗತ್ತೆ, ಆದ್ರೆ ಎಲೆ ವಿಷ, ಪುಂಡಿ ಸೊಪ್ಪು ಅಂದ್ಕೊಂಡು ಹಾಕ್ಬೇಡಿ. ಗೇಟ್ ಮುಂದೆ ಮೊಟ್ಟೆ ಇಟ್ಟು ಪಕ್ಕದಲ್ಲಿ ದುಡ್ಡಿನ ಡಬ್ಬಿ ಇಟ್ಟಿರ್ತಾರೆ, ಚಿಲ್ಲರೆ ಜೇಬಲ್ಲಿರಲಿ.

ಜನರ ಜೊತೆ

ಇಲ್ಲಿನವರು ನಿಮ್ಮನ್ನ ಡಕ್ ಅಂತ ಕರೀತಾರೆ, ಏ ಅಪ್ ಮೀ ಡಕ್ ಅಂದ್ರೆ ನಮ್ಮಲ್ಲಿ ಏನವ್ವಾ ಚೆನ್ನಾಗಿದೀಯಾ ಅಂದ ಹಾಗೆ, ಪ್ರೀತಿ ಅದು. ಸಂಜೆ ಟೀಗೆ ಬನ್ನಿ ಅಂದ್ರೆ ರಾತ್ರಿ ಊಟ ಅಂತನೂ ಇರಬಹುದು, ಹೊಟ್ಟೆ ಖಾಲಿ ಇಟ್ಕೊಂಡು ಹೋಗಿ, ವೆಜಿಟೇರಿಯನ್ ಅಂತ ಮುಂಚೇನೇ ಹೇಳಿ. ಹೇಳದೆ ಕೇಳದೆ ಮನೆಗೆ ಹೋಗೋದು ನಮ್ಮಲ್ಲಿ ಸಲುಗೆ, ಇಲ್ಲಿ ಅಷ್ಟು ರೂಢಿ ಇಲ್ಲ, ಒಂದು ಮೆಸೇಜ್ ಹಾಕಿ ಹೋಗಿ. ಪಬ್ ಅಂದ್ರೆ ಕುಡಿಯೋರ ಜಾಗ ಅಂತ ದೂರ ಇರಬೇಡಿ, ಮಕ್ಕಳ ಸಮೇತ ಹೋಗಿ ಲೈಮ್ ಸೋಡಾ ಕುಡಿದು ಬರಬಹುದು, ಕೌಂಟರ್‌ನಲ್ಲೇ ಆರ್ಡರ್ ಮಾಡ್ಬೇಕು. ಎಲ್ಲರೂ ಒಳ್ಳೆಯವರೇ ಅಂತ ಸುಳ್ಳು ಹೇಳಲ್ಲ, ಒಂದೆರಡು ಸಲ ಮನಸ್ಸಿಗೆ ನೋವಾಗೋ ಮಾತು ನಮಗೂ ಬಂದಿದೆ. ಬಣ್ಣದ ಬಗ್ಗೆ, ದೇಶದ ಬಗ್ಗೆ ಯಾರಾದ್ರೂ ಬೈದ್ರೆ ನುಂಗ್ಕೋಬೇಡಿ, 101ಕ್ಕೆ ಪೊಲೀಸಿಗೆ ಹೇಳಿ, ನಮಗೂ ಹೇಳಿ.

ಕೊನೇದಾಗಿ ನವೆಂಬರ್. ಎರಡನೇ ಭಾನುವಾರ ಯುದ್ಧದಲ್ಲಿ ಸತ್ತೋರ ನೆನಪಿಗೆ ಊರವರೆಲ್ಲ ಕಲ್ಲಿನ ಸ್ಮಾರಕದ ಹತ್ತಿರ ಸೇರ್ತಾರೆ. ಲ್ಯಾಕ್ಸ್‌ಟನ್‌ನಿಂದ ಸ್ವಲ್ಪ ದೂರದ ಮೇಪಲ್‌ಬೆಕ್‌ನಲ್ಲಿ ಮೊದಲ ಮಹಾಯುದ್ಧಕ್ಕೆ ಹೋದೋರೆಲ್ಲ ಜೀವಂತ ವಾಪಸ್ ಬಂದ್ರು, ಅಂಥ ಊರುಗಳು ಇಡೀ ಇಂಗ್ಲೆಂಡಲ್ಲಿ ತೀರಾ ಕಮ್ಮಿ, ಥ್ಯಾಂಕ್‌ಫುಲ್ ವಿಲೇಜ್ ಅಂತಾರೆ. ಉಳಿದ ಹಳ್ಳಿಗಳ ಕಲ್ಲಲ್ಲಿ ಹೆಸರುಗಳಿವೆ, ಎಷ್ಟೋ ಸಲ ಒಂದೇ ಮನೆತನದ ಹೆಸರು ಎರಡು ಮೂರು ಸಲ. ಅದು ಅವರ ವಿಷಯ ಅಂತ ಮನೇಲಿ ಇರಬೇಡಿ. ಆ ಯುದ್ಧಕ್ಕೆ ಭಾರತದಿಂದ 13 ಲಕ್ಷ ಜನ ಹೋದ್ರು, 74,000ಕ್ಕೂ ಜಾಸ್ತಿ ಜನ ವಾಪಸ್ ಬರಲಿಲ್ಲ. ನಮ್ಮ ಮೈಸೂರು ಲ್ಯಾನ್ಸರ್ಸ್ 1918ರ ಸೆಪ್ಟೆಂಬರ್ 23ಕ್ಕೆ ಹೈಫಾ ಊರಲ್ಲಿ ಕುದುರೆ ಮೇಲೆ ನುಗ್ಗಿ ಹೋರಾಡಿದೋರು, ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕ ಇದೆ. ನಮ್ಮ ಪ್ಯಾರಿಷ್‌ನಲ್ಲಿ ಹೋದ ಸಲ ಒಬ್ರು ಹಿರಿಯರು ಪಕ್ಕದಲ್ಲಿ ನಿಂತಿದ್ರು, ಮೌನ ಮುಗಿದ ಮೇಲೆ ಅವರಿಗೆ ಈ ವಿಷಯ ಹೇಳಿದೆ, ಅವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ, ಆಮೇಲೆ ಜೇಬಿಂದ ಸಣ್ಣ ಪುಸ್ತಕ ತೆಗೆದು ಮೈಸೂರು ಅನ್ನೋದನ್ನ ಹೇಗೆ ಬರೀತಾರೆ ಅಂತ ಕೇಳಿ ಬರ್ಕೊಂಡ್ರು.

10:45ಕ್ಕೆ ಅಲ್ಲಿರಿ, 11ಕ್ಕೆ ಎರಡು ನಿಮಿಷ ಮೌನ. ಗಾಢ ಬಣ್ಣದ ಕೋಟು, ಎದೆ ಮೇಲೆ ಸತ್ತ ಸೈನಿಕರ ನೆನಪಿಗೆ ಚುಚ್ಕೊಳ್ಳೋ ಕೆಂಪು ಪಾಪಿ (ಗಸಗಸೆ ಜಾತಿ) ಹೂವು, ಅಂಗಡಿ ಡಬ್ಬಿಗೆ ನಿಮಗೆ ತೋಚಿದ್ದು ಹಾಕಿ ತಗೋಬಹುದು. ಮಕ್ಕಳಿಗೆ ಟೋಪಿ, ಗ್ಲೌಸ್ ಹಾಕಿ ಕರ್ಕೊಂಡು ಬನ್ನಿ, ನಿಂತ್ಕೊಳ್ಳೋ ಜಾಗದಲ್ಲಿ ತುಂಬಾ ಗಾಳಿ.